ಸಜ್ಜಾಗಿ ನಿಂತ ಬಂಡಿಮನೆ

'ದೇಶ ಸುತ್ತು, ಕೋಶ ಓದು' ಎಂಬ ಹಿರಿಯರ ಮಾತನ್ನು ಅಲ್ಲಗಳೆಯುವವರಿಲ್ಲ. ಆದರೆ ದೇಶ ಸುತ್ತಲು ಹೊರಟ ಸಂಸಾರವು ರಾತ್ರಿ ಎಲ್ಲಿ ಮಲಗಬೇಕು, ಅಡಿಗೆಯನ್ನು ಎಲ್ಲಿ ಮಾಡಿಕೊಳ್ಳಬೇಕು, ಸ್ನಾನ ಶೌಚಗಳಿಗೆ ಏನು ಗತಿ ಎಂಬ ಪ್ರಶ್ನೆಗಳು ಎದುರಾದೊಡನೆ ಎಷ್ಟೋ ಮನೆಗಳಲ್ಲಿ ಪ್ರವಾಸದ ಮಾತು ಅಲ್ಲಿಗೇ ನಿಂತುಹೋಗುತ್ತದೆ. ಈ ಪ್ರಶ್ನೆಗಳಿಗೆ ಅನ್ಯದೇಶಗಳವರು ಕಂಡುಕೊಂಡಿರುವ ಒಂದು ಉತ್ತರವನ್ನು ಈ ತಿಂಗಳು ವಾಚಕರ ಮುಂದಿಡಬಯಸುತ್ತೇನೆ. ಮಕ್ಕಳು ಹೊರದೇಶಗಳಲ್ಲಿ ನೆಲಸಿರುವ ತಂದೆತಾಯಿಗಳಿಗೆ ಇದು ಪ್ರತ್ಯಕ್ಷವಾಗಿ ಉಪಯೋಗಕ್ಕೆ ಬಂದೀತು. ಉಳಿದವರಿಗೆ ವಿಚಾರಕ್ಕಾದರೂ ಒದಗೀತು.

ನಮ್ಮ ಗೋನೆಗಂಡ್ಲ, ಆದೋನಿ, ಎಮ್ಮಿಗನೂರು ಸೀಮೆಯಲ್ಲಿ ಹಿಂದೆ ಯಾತ್ರೆಯೆಂದರೆ ಕಮಾನು ಕಟ್ಟಿದ ಎತ್ತಿನ ಬಂಡಿ. ಶ್ರಾವಣದಲ್ಲಿ ಉರುಕುಂದಿ ಈರಣ್ಣಸ್ವಾಮಿಯ ಸನ್ನಿಧಿಗೋ ಮಂತ್ರಾಲಯದ ಆರಾಧನೆಗೋ ಹೊರಟರೆ ಬಂಡಿಯೊಳಗೆ ಹುಲ್ಲು ಹಾಸಿ, ಅದರ ಮೇಲೆ ಜಮಖಾನೆ ಹರಡಿ, ಮಕ್ಕಳು ಮುದುಕರನ್ನು ಕೂರಿಸಿ, ಕೆಳಗೆ ಲಾಟೀನು ತೂಗುಹಾಕಿ ನಡೆಯುತ್ತಿದ್ದರು. ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಗಂಟು, ಪಾತ್ರೆ ಪಡಗ, ಸೌದೆ ಎಲ್ಲವೂ ಜೊತೆಯಲ್ಲಿಯೇ. ಬಂಡಿಯೇ ಮನೆ, ಮೂರು ಕಲ್ಲು ಹೂಡಿದಲ್ಲಿಯೇ ಒಲೆ. ಅದರ ಸೊಗಸನ್ನು ನೆನೆಯುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಗಂಡಸರಿಗೆ ಅದು ಯಾತ್ರೆ. ಮನೆಯಾಕೆಗೆ ಮಾತ್ರ ಮನೆಗೆಲಸವೇ ಊರು ಬದಲಾಯಿಸಿಕೊಂಡು ಬಂದಂತೆ. ನೀರು ಹೊರುವುದೂ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುವುದೂ ಅವಳಿಗೆ ತಪ್ಪುತ್ತಿರಲಿಲ್ಲ.

ಬಂಡಿಯನ್ನೇ ಮನೆ ಮಾಡಿಕೊಂಡು ತಿರುಗುವ ಹಂಬಲ ಪಾಶ್ಚಾತ್ಯರಿಗೂ ಇತ್ತು. ಇಂಗ್ಲೆಂಡಿನಲ್ಲಿ 1885ರಲ್ಲಿ ಗಾರ್ಡನ್ ಸ್ಟೇಬಲ್ಸ್ ಎಂಬ ವೈದ್ಯ-ಲೇಖಕರು ಬ್ರಿಸ್ಟಲಿನ ಬಂಡಿ ಕಾರ್ಖಾನೆಯೊಂದರಲ್ಲಿ 'ವಾಂಡರರ್' ಎಂಬ ಬಂಡಿಮನೆಯನ್ನು ಕಟ್ಟಿಸಿ, ಎರಡು ಕುದುರೆ ಹೂಡಿ ನಾಡು ಸುತ್ತಿದರು. ಕೇವಲ ವಿಹಾರಕ್ಕೆಂದೇ ಕಟ್ಟಿದ ಬಂಡಿಮನೆಗಳಲ್ಲಿ ಅದನ್ನು ಮೊದಲನೆಯದೆಂದು ಹೇಳುವುದುಂಟು. 1907ರಲ್ಲಿ ಅಲ್ಲಿ ಇಂಥವರದೇ ಒಂದು ಸಂಘವೂ ಹುಟ್ಟಿತು. ಮೋಟಾರು ಬಂದ ಮೇಲೆ ಕುದುರೆಯ ಸ್ಥಾನದಲ್ಲಿ ಕಾರು ನಿಂತಿತು. ಇಂಗ್ಲೆಂಡಿನವರು ಇದನ್ನು ಕ್ಯಾರವಾನ್ ಎಂದರು. ಅಮೆರಿಕಾ ಕೆನಡಾಗಳವರು ಟ್ರೈಲರ್ ಎಂದರು. ನಮ್ಮಲ್ಲಿ ಟ್ರೈಲರ್ ಎಂದರೆ ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಹತ್ತಿ, ಶೇಂಗಾ ಹೇರುವ ತೊಟ್ಟಿ. ಅಲ್ಲಿಯದು ಹಾಗಲ್ಲ, ಸುಮಾರು 20 ಅಡಿ ಉದ್ದ, 8 ಅಡಿ ಅಗಲದ ಚಕ್ರದ ಮೇಲಣ ಮನೆ.

ಆದರೆ ಇಂಥ ಮನೆಯನ್ನು ಕೊಳ್ಳಲು, ನಿಲ್ಲಿಸಿಕೊಳ್ಳಲು, ಎಳೆದೊಯ್ಯಲು ಎಲ್ಲರಿಗೂ ಆಗದಷ್ಟೆ. ಆದ್ದರಿಂದ ಬಂದದ್ದು ಬಾಡಿಗೆಯ ಏರ್ಪಾಡು. ಉದ್ಯಾನದೊಳಗಿನ ಬಿಡಾರದ ಜಾಗದಲ್ಲಿ ಟ್ರೈಲರನ್ನೋ ಗಟ್ಟಿ ಚೌಕಟ್ಟಿನ ಡೇರೆಯನ್ನೋ ಸಕಲ ಸಾಮಗ್ರಿಗಳೊಡನೆ ಮೊದಲೇ ನಿಲ್ಲಿಸಿರುತ್ತಾರೆ. ಕುಟುಂಬವು ಬಟ್ಟೆಬರೆ, ದಿನಸಿ ಮಾತ್ರ ಹಿಡಿದು ಹೋದರಾಯಿತು. ಕೆನಡಾದ ಕ್ವಿಬೆಕ್ ಪ್ರಾಂತದ ಉದ್ಯಾನಗಳಲ್ಲಿ ಈ ಏರ್ಪಾಡಿಗೆ 'ಶಿಬಿರಕ್ಕೆ ಸಿದ್ಧ' ಎಂಬರ್ಥದ ಫ್ರೆಂಚ್ ಹೆಸರೇ ಇದೆ. ಆ ದೇಶದ ರಾಷ್ಟ್ರೀಯ ಉದ್ಯಾನಗಳಲ್ಲಿ 'ಓಟೆಂಟಿಕ್' ಎಂಬ, ಅರ್ಧ ಡೇರೆ ಅರ್ಧ ಗುಡಿಸಲಿನಂಥ ವಸತಿಗಳು ದೊರೆಯುತ್ತವೆ. ಆರು ಜನ ಮಲಗುವಷ್ಟು ಮಂಚಗಳೂ ಊಟದ ಮೇಜೂ ಅದರಲ್ಲಿರುತ್ತವೆ.

ಟ್ರೈಲರಿನ ಒಳಾಂಗಣದಲ್ಲಿ ಒಂದು ಅಂಗುಲವೂ ವ್ಯರ್ಥವಾಗಿರುವುದಿಲ್ಲ. ಹಗಲು ಊಟದ ಮೇಜಾಗಿರುವುದು ರಾತ್ರಿ ತಗ್ಗಿ ಹಾಸಿಗೆಯಾಗುತ್ತದೆ; ಕೂರುವ ಪೀಠದ ಕೆಳಗೆ ಪೆಟ್ಟಿಗೆಯಿರುತ್ತದೆ. ಗ್ಯಾಸಿನ ಒಲೆ, ಸಣ್ಣ ಫ್ರಿಜ್, ತೊಟ್ಟಿ, ನಲ್ಲಿ, ವಿದ್ಯುದ್ದೀಪ, ಶೌಚದ ಗೂಡು ಎಲ್ಲಕ್ಕೂ ಅದರದರ ಸ್ಥಳವುಂಟು. ಬಳಸಿದ ನೀರಿಗೆ ಒಂದು ತೊಟ್ಟಿ, ಶೌಚದ ಮಲಿನಕ್ಕೆ ಬೇರೆ ತೊಟ್ಟಿ. ಎರಡನ್ನೂ ನಿಗದಿಯಾದ ಸ್ಥಳದಲ್ಲಿ ಮಾತ್ರ ಬರಿದು ಮಾಡಬೇಕು. ನೀರು ಕಾಯಿಸುವ ಪಾತ್ರೆ ಅನೇಕ ಟ್ರೈಲರುಗಳಲ್ಲಿ ಸುಮಾರು 23 ಲೀಟರಿನದು. ನಮ್ಮ ಲೆಕ್ಕದಲ್ಲಿ ಒಂದೂವರೆ ಕೊಡ. ಒಬ್ಬರು ಧಾರಾಳವಾಗಿ ಸ್ನಾನ ಮಾಡಿದರೆ ಮುಂದಿನವರು ಕಾಯಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ಈ ಮನೆ ಅಕ್ಷರಶಃ ಕಲಿಸುತ್ತದೆ.

ಬಾಡಿಗೆಗೆ ಹಿಡಿಯುವವರು ಮುಂಗಡ ಕೊಡುವ ಮೊದಲೇ ಕೆಲವು ವಿಷಯಗಳನ್ನು ಕೇಳಿ ತಿಳಿಯುವುದು ಒಳಿತು. ಹೊದಿಕೆ, ದಿಂಬು, ಟವಲುಗಳನ್ನು ಅವರು ಕೊಡುವರೇ, ನಾವೇ ಒಯ್ಯಬೇಕೇ? ಹೆಚ್ಚಿನ ಕಡೆ ನಾವೇ ಒಯ್ಯಬೇಕು. ಶೌಚದ ವ್ಯವಸ್ಥೆ ಒಳಗೇ ಇದೆಯೋ, ಉದ್ಯಾನದ ಸಾರ್ವಜನಿಕ ಗೃಹಕ್ಕೆ ನಡೆದು ಹೋಗಬೇಕೋ? ವೃದ್ಧರಿದ್ದರೆ ಇದು ಮುಖ್ಯ ಪ್ರಶ್ನೆ. ಪಾತ್ರೆಗಳಲ್ಲಿ ಏನೇನಿವೆ? ಕುಕ್ಕರೂ ಲಟ್ಟಣಿಗೆಯೂ ಅಲ್ಲಿ ದೊರೆಯುವ ಸಂಭವ ಕಡಿಮೆ. ಠೇವಣಿ ಎಷ್ಟು, ಯಾವ ಹಾನಿಗೆ ಎಷ್ಟು ಹಿಡಿಯುತ್ತಾರೆ, ಪ್ರಯಾಣ ರದ್ದಾದರೆ ಎಷ್ಟು ಮರಳುತ್ತದೆ? ಎಷ್ಟು ಗಂಟೆಗೆ ಒಳಸೇರಬೇಕು, ಎಷ್ಟು ಗಂಟೆಗೆ ತೆರವು ಮಾಡಬೇಕು?

ಒಳಹೊಕ್ಕ ಕೂಡಲೇ ಪಟ್ಟಿ ಹಿಡಿದು ಸಾಮಾನುಗಳನ್ನು ಎಣಿಸಿಕೊಳ್ಳಬೇಕು. ಮದುವೆಗೆ ಷಾಮಿಯಾನದ ಅಂಗಡಿಯಿಂದ ಪಾತ್ರೆ ತರುವಾಗ ಚೀಟಿ ನೋಡಿ ಎಣಿಸಿಕೊಂಡು, ಒಪ್ಪಿಸುವಾಗಲೂ ಎಣಿಸಿಯೇ ಒಪ್ಪಿಸುವ ರೂಢಿ ನಮಗಿದೆ. ಅದೇ ಇಲ್ಲಿಯೂ ಸಾಕು. ಒಡೆದದ್ದು, ಸೋರುವುದು ಕಂಡರೆ ಆಗಲೇ ತಿಳಿಸಬೇಕು. ತಾಯಂದಿರಿಗೆ ಒಂದು ಸೂಚನೆ: ಇಂಥ ಕಿರಿದಾದ ಮನೆಯಲ್ಲಿ ಒಣಮೆಣಸಿನಕಾಯಿಯ ಒಗ್ಗರಣೆ ಹಾಕಿದರೆ ಹೊಗೆಯ ಕರೆಗಂಟೆ ಕೂಡಲೇ ಬಡಿದುಕೊಳ್ಳುತ್ತದೆ. ಆದ್ದರಿಂದ ಮೊದಲ ದಿನದ ಒಗ್ಗರಣೆಯನ್ನು ಮನೆಯಲ್ಲಿಯೇ ಮುಗಿಸಿ, ಚಟ್ನಿಪುಡಿ ರೊಟ್ಟಿಗಳನ್ನು ಕಟ್ಟಿಕೊಳ್ಳುವುದು ಜಾಣತನ. ಕರಡಿಗಳಿರುವ ಕಾಡುಗಳಲ್ಲಿ ಅನ್ನದ ಪಾತ್ರೆಯನ್ನು ರಾತ್ರಿ ಹೊರಗಿಡಲಾಗದು. ಕಸವನ್ನೂ ಮುಚ್ಚಿದ ಡಬ್ಬಿಗೇ ಹಾಕಬೇಕು.

ಈ ಬಗೆಯ ವಸತಿ ನಮ್ಮ ದೇಶಕ್ಕೆ ತೀರ ಹೊಸದೇನಲ್ಲ. ಕರ್ನಾಟಕ ಸರ್ಕಾರವು 1980ರಲ್ಲಿ ಸ್ಥಾಪಿಸಿದ ಜಂಗಲ್ ಲಾಡ್ಜಸ್ ಸಂಸ್ಥೆಯು ಬಿಳಿಗಿರಿರಂಗನ ಬೆಟ್ಟದ ಕೆ. ಗುಡಿಯಲ್ಲಿ ಮಂಚ, ಸ್ನಾನಗೃಹಗಳಿಂದ ಸಜ್ಜಾದ ಡೇರೆಗಳನ್ನು ಪ್ರವಾಸಿಗಳಿಗೆ ಒದಗಿಸಿದೆ. ಕಾಸರಗೋಡಿನ ನಮ್ಮ ಬಾಂಧವರಿರುವ ಕೇರಳದ ಸರ್ಕಾರವು 2021ರಲ್ಲಿ ಕ್ಯಾರವಾನ್ ಪ್ರವಾಸದ ಯೋಜನೆಯನ್ನು ಸಾರಿತು. ಮರುವರ್ಷ ಇಡುಕ್ಕಿ ಜಿಲ್ಲೆಯ ವಾಗಮಣ್‌ನಲ್ಲಿ ಅಲ್ಲಿಯ ಮೊದಲನೆಯ ಕ್ಯಾರವಾನ್ ಉದ್ಯಾನ ತೆರೆಯಿತು. ನಮ್ಮ ಮಗ್ಗುಲಲ್ಲಿಯೇ ಹಂದ್ರಿ ನದಿಗೆ ಕಟ್ಟಿದ ಗಾಜುಲದಿನ್ನೆ ಜಲಾಶಯವಿದೆ. ಅದರ ದಂಡೆಯಲ್ಲಿ ಇಂಥ ಹತ್ತು ಬಂಡಿಮನೆಗಳು ನಿಂತರೆ ಮಂತ್ರಾಲಯಕ್ಕೆ ಬರುವ ಕುಟುಂಬಗಳು ಒಂದು ರಾತ್ರಿ ಇಲ್ಲಿ ತಂಗಿಯಾವು ಎಂದು ಆಶಿಸುವುದರಲ್ಲಿ ತಪ್ಪಿಲ್ಲ.

ಆದರೆ ಡೇರೆಯ ಮಾತು ಬಂದಾಗ ನಮ್ಮ ಸೀಮೆಯವರ ಕಣ್ಣಿಗೆ ಕಟ್ಟುವ ಚಿತ್ರ ಬೇರೆಯೇ ಇದೆ. ಮಳೆ ಕೈಕೊಟ್ಟ ವರ್ಷ ದೀಪಾವಳಿ ಕಳೆಯುತ್ತಲೇ ಆದೋನಿ, ಕೋಸಿಗಿ, ಕೌತಾಳಂ, ಗೋನೆಗಂಡ್ಲ ಮಂಡಲಗಳ ಊರೂರಿನಿಂದ ಸಂಸಾರಗಳು ಗುಂಟೂರು ಕಡೆಯ ಮೆಣಸಿನಕಾಯಿ ಹೊಲಗಳಿಗೆ 'ಸುಗ್ಗಿ'ಗೆ ಹೊರಡುತ್ತವೆ. ಅವರೂ ಪಾತ್ರೆ, ಹಾಸಿಗೆ, ಮಕ್ಕಳನ್ನು ಗಾಡಿಗೆ ಹೇರಿಕೊಂಡೇ ಹೋಗುವರು. ಹೋದಲ್ಲಿ ಹೊಲದ ಅಂಚಿನಲ್ಲಿ ನಾಲ್ಕು ಗೂಟ ನೆಟ್ಟು ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ಅದೇ ನಾಲ್ಕೈದು ತಿಂಗಳ ಮನೆ. ನೀರು ದೂರ, ಶೌಚ ಬಯಲು, ದೀಪವಿಲ್ಲ. ಆಗ ಇಲ್ಲಿ ಶಾಲೆಯ ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯ ಗುರುತುಗಳು ಸಾಲುಗಟ್ಟುತ್ತವೆ. ಮಕ್ಕಳನ್ನು ಊರಿನಲ್ಲಿಯೇ ಉಳಿಸಿಕೊಳ್ಳಲು ಸರ್ಕಾರವು ಹಂಗಾಮಿ ವಸತಿನಿಲಯಗಳನ್ನು ನಡೆಸಿರುವುದುಂಟು. ಆದರೆ ಬೆಳೆದ ಹೆಣ್ಣುಮಗಳನ್ನು ಬಿಟ್ಟುಹೋಗಲು ತಾಯಿಯ ಮನಸ್ಸು ಒಪ್ಪುವುದಿಲ್ಲ.

ಸಂತೋಷಕ್ಕಾಗಿ ಮೂರು ದಿನ ಕಾಡಿನಲ್ಲಿ ತಂಗುವವರಿಗೆ 20 ಅಡಿಯ ಬಂಡಿಯಲ್ಲಿ ನೀರು, ಒಲೆ, ದೀಪ, ಶೌಚ, ಅಗುಳಿಯುಳ್ಳ ಬಾಗಿಲು ಇವಿಷ್ಟನ್ನೂ ಒದಗಿಸಬಹುದಾದರೆ, ದುಡಿಮೆಗಾಗಿ ನಾಲ್ಕು ತಿಂಗಳು ಹೊಲದಲ್ಲಿ ತಂಗುವವರಿಗೆ ಅದು ಅಸಾಧ್ಯವೆನ್ನುವುದು ಹೇಗೆ? ಸಂಸಾರಕ್ಕೆ ಮರ್ಯಾದೆಯಿಂದ ಬಾಳಲು ವಿಸ್ತಾರವಾದ ಮನೆ ಬೇಕಿಲ್ಲ; ಈ ಐದು ಅನುಕೂಲಗಳು ಬೇಕು. ಚಕ್ರದ ಮನೆಯಲ್ಲದಿದ್ದರೂ ಹತ್ತು ಸಂಸಾರಗಳಿಗೆ ಒಂದು ನೀರಿನ ಟ್ಯಾಂಕರು, ತಗಡಿನ ಎರಡು ಶೌಚಗೂಡುಗಳು, ಒಂದೆರಡು ಸೌರದೀಪಗಳನ್ನು ಹೊಲದ ಒಡೆಯರು ಹಂಗಾಮಿಗೆ ಬಾಡಿಗೆಯಿಂದಾದರೂ ತಂದು ನಿಲ್ಲಿಸಬಹುದು.

ಪ್ರವಾಸಕ್ಕೆ ಹೋಗುವವರು ಮುಂಗಡ ಕೊಡುವ ಮೊದಲು ಕೇಳಿ ತಿಳಿಯುತ್ತಾರೆ. ಸುಗ್ಗಿಗೆ ಹೋಗುವವರು ಮುಂಗಡ ಪಡೆಯುವ ಮೊದಲು ಕೇಳಬೇಕು. ಮೇಸ್ತ್ರಿ ಊರಿಗೆ ಬಂದು ಹಣ ಎಣಿಸುವಾಗ ಕೂಲಿ ಎಷ್ಟೆಂಬ ಪ್ರಶ್ನೆಯ ಜೊತೆಗೆ ನೀರು ಎಷ್ಟು ದೂರ, ಹೆಂಗಸರಿಗೆ ಶೌಚ ಎಲ್ಲಿ, ರಾತ್ರಿ ಬೆಳಕುಂಟೇ, ಮಕ್ಕಳು ಓದಲು ಹತ್ತಿರ ಶಾಲೆಯುಂಟೇ ಎಂಬ ಪ್ರಶ್ನೆಗಳೂ ಹೊರಡಲಿ. ಒಬ್ಬರೇ ಕೇಳಿದರೆ ಮೇಸ್ತ್ರಿ ಬೇರೊಬ್ಬರನ್ನು ಹುಡುಕಿಕೊಂಡಾನು. ಊರೇ ಕೇಳಿದರೆ ಉತ್ತರ ಕೊಡಲೇಬೇಕಾಗುವುದು. ಓದುಬರಹ ಬಲ್ಲ ವಾಚಕರು ತಮ್ಮ ತಮ್ಮ ಊರುಗಳಲ್ಲಿ ಈ ಪ್ರಶ್ನೆಗಳನ್ನು ಒಂದು ಕಾಗದದ ಮೇಲೆ ಬರೆದು, ಹೊರಡುವ ಸಂಸಾರಗಳ ಕೈಗೆ ಕೊಟ್ಟರೆ ಅದೇ ದೊಡ್ಡ ಉಪಕಾರ.