ಮೊದಲು ಉಪಕರಣವನ್ನೇ ಪರೀಕ್ಷಿಸೋಣ

ಮಕ್ಕಳೇ, ರಾತ್ರಿ ಕರೆಂಟು ಹೋದಾಗ ಕಣ್ಣು ಮುಚ್ಚಿ ಕುಳಿತು ನೋಡಿ. ಬೆಳಕೇ ಇಲ್ಲದಿದ್ದರೂ ಸಣ್ಣ ಚುಕ್ಕೆಗಳು ಮಿನುಗಿದಂತೆ ಕಾಣುತ್ತವೆ. ಇಲ್ಲದ ಬೆಳಕನ್ನು ಕಣ್ಣು 'ಇದೆ' ಎನ್ನುತ್ತದೆ! ವಿಜ್ಞಾನಿಗಳು ಬಳಸುವ ಬೆಳಕಿನ ಸಂವೇದಕಗಳೂ ಹೀಗೆಯೇ ಮಾಡುತ್ತವೆ.

ಮೂಲಕಣಗಳು ಕಣ್ಣಿಗೆ ಕಾಣುವುದಿಲ್ಲ. ಆದರೆ ಸಿಂಟಿಲೇಟರ್ ಎಂಬ ವಿಶೇಷ ಪ್ಲಾಸ್ಟಿಕ್ ಹಲಗೆಯಲ್ಲಿ ವಿದ್ಯುದಾವೇಶವುಳ್ಳ ಕಣ ಹಾದುಹೋದರೆ ಕ್ಷಣಮಾತ್ರ ಮಂದ ಬೆಳಕು ಹೊಮ್ಮುತ್ತದೆ. ಸಂವೇದಕ ಅದನ್ನು ಹಿಡಿಯುತ್ತದೆ. 1965ರಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ, ಸುಮಾರು 2.3 ಕಿ.ಮೀ. ಆಳದಲ್ಲಿ, ಭಾರತ, ಜಪಾನ್ ಮತ್ತು ಬ್ರಿಟನ್ನಿನ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಸುಳಿವನ್ನು ಹೀಗೆಯೇ ಪತ್ತೆ ಹಚ್ಚಿದರು. ಆಗಿನ ಸಂವೇದಕ ಗಾಜಿನ ನಳಿಗೆ. ಎದುರುಬದುರಿನ ಎರಡು ಹಲಗೆಗೋಡೆಗಳಲ್ಲೂ ಒಟ್ಟಿಗೇ ಬೆಳಕು ಕಂಡರೆ ಮಾತ್ರ ಲೆಕ್ಕಕ್ಕೆ ಹಿಡಿಯುತ್ತಿದ್ದರು. ಒಂದೇ 'ಕಣ್ಣಿನ' ಮಾತನ್ನು ಅವರು ನಂಬಲಿಲ್ಲ.

ಈಗ ಅನೇಕ ಕಡೆ ನಳಿಗೆಯ ಬದಲು ಕೆಲವೇ ಮಿಲಿಮೀಟರ್ ಅಗಲದ ಸಿಲಿಕಾನ್ ಚಿಪ್ ಬಂದಿದೆ. ಬೆಳಕಿನ ಒಂದೇ ಒಂದು ಕಣ, ಅಂದರೆ ಫೋಟಾನ್, ಬಿದ್ದರೂ ಅದು ಸಂಕೇತ ಕೊಡಬಲ್ಲದು. ಬಲವಾದ ಕಾಂತಕ್ಷೇತ್ರದಲ್ಲೂ ಕೆಲಸ ಮಾಡುತ್ತದೆ. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದ ಸಿಎಂಎಸ್ ಎಂಬ ಬೃಹತ್ ಉಪಕರಣದಲ್ಲಿ ಭಾರತದಲ್ಲಿ ತಯಾರಾದ ಸಿಂಟಿಲೇಟರ್ ಹಲಗೆಗಳಿವೆ. 2013–14ರಲ್ಲಿ ಅವುಗಳ ಹಳೆಯ ಸಂವೇದಕಗಳನ್ನು ತೆಗೆದು ಇಂಥ ಚಿಪ್‌ಗಳನ್ನು ಜೋಡಿಸಲಾಯಿತು.

ಜೋಡಿಸುವ ಮೊದಲು ಚಿಪ್‌ಗೂ ಪರೀಕ್ಷೆ ಉಂಟು! ಅದನ್ನು ಬೆಳಕು ನುಸುಳದ ಪೆಟ್ಟಿಗೆಯಲ್ಲಿಟ್ಟು ಸಂಕೇತಗಳನ್ನು ಎಣಿಸುತ್ತಾರೆ. ಕತ್ತಲೆಯಲ್ಲಿ ಬರುವುದೆಲ್ಲ ಸುಳ್ಳು ಸಂಕೇತ. ಶಾಖವೇ ಇದಕ್ಕೆ ಮುಖ್ಯ ಕಾರಣ. ಚಿಪ್ ಬಿಸಿಯಾದಷ್ಟೂ ಸುಳ್ಳು ಹೆಚ್ಚು, ತಂಪಾದಷ್ಟೂ ಕಡಿಮೆ. ಆಮೇಲೆ ಪುಟ್ಟ ಎಲ್‌ಇಡಿಯಿಂದ ಮಂದ ಬೆಳಕು ಹಾಯಿಸಿ, ಒಂದು, ಎರಡು, ಮೂರು ಫೋಟಾನ್‌ಗಳನ್ನು ಬೇರೆಬೇರೆಯಾಗಿ ಗುರುತಿಸುತ್ತದೆಯೇ ಎಂದು ನೋಡುತ್ತಾರೆ.

ಹೊಸದನ್ನು ಕಂಡುಹಿಡಿದವರ ಹೆಸರು ಪತ್ರಿಕೆಯಲ್ಲಿ ಬರುತ್ತದೆ. ಪೆಟ್ಟಿಗೆಯ ಮುಂದೆ ಕುಳಿತು ಸುಳ್ಳುಗಳನ್ನು ಎಣಿಸಿದವರ ಹೆಸರು ಬರುವುದಿಲ್ಲ. ಆದರೆ ಅವರ ಕೆಲಸವೂ ಅಷ್ಟೇ ದೊಡ್ಡದು ಎಂಬುದು ನನ್ನ ಅಭಿಪ್ರಾಯ. ಉಪಕರಣ ಎಷ್ಟು ತಪ್ಪುತ್ತದೆ ಎಂದು ತಿಳಿಯದಿದ್ದರೆ ಅದು ಹೇಳಿದ್ದರಲ್ಲಿ ನಿಜ ಯಾವುದು ಎಂದು ತಿಳಿಯುವುದು ಹೇಗೆ?

ಈ ಅಭ್ಯಾಸ ನಮ್ಮ ಶಾಲೆಗಳಲ್ಲೂ ಬೇಕು. ಹುಬ್ಬಳ್ಳಿ-ಧಾರವಾಡದ ನಡುವಿನ ನಮ್ಮ ನವನಗರ ಸಮುದ್ರಮಟ್ಟದಿಂದ 600 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಇಲ್ಲಿ ವಾಯುಒತ್ತಡ ಕಡಿಮೆ. ಹಾಗಾಗಿ ನೀರು ಸುಮಾರು 98 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತದೆ. ಆದರೆ 'ಪುಸ್ತಕದಲ್ಲಿ 100 ಇದೆ' ಎಂದು 98 ಅನ್ನು ಅಳಿಸಿ 100 ಬರೆಯುವವರೇ ಹೆಚ್ಚು! ಹಾಗೆ ಮಾಡಬೇಡಿ. ಶಿಕ್ಷಕರ ನೆರವಿನಿಂದ ಮೊದಲು ಪ್ರಯೋಗಾಲಯದ ಥರ್ಮಾಮೀಟರನ್ನು ಕರಗುವ ಮಂಜುಗಡ್ಡೆಯಲ್ಲಿಡಿ. ಸೊನ್ನೆ ತೋರಿಸುತ್ತದೆಯೇ? ತೋರಿಸದಿದ್ದರೆ ಎಷ್ಟು ವ್ಯತ್ಯಾಸವೆಂದು ಬರೆದಿಟ್ಟುಕೊಳ್ಳಿ. ಆಮೇಲೆ ನೀರು ಕುದಿಸಿ.

98 ಬಂದರೆ 98 ಎಂದೇ ಬರೆಯಿರಿ. ಕಾರಣವನ್ನೂ ಬರೆಯಿರಿ. ವಿಜ್ಞಾನ ಶುರುವಾಗುವುದೇ ಅಲ್ಲಿಂದ.