ಹಿತ್ತಾಳೆ ಕಹಳೆ ಮತ್ತು ಅರಗಿನ ತಟ್ಟೆ

ಕೋಲ್ಕತ್ತಾದ ಫ್ರೀ ಸ್ಕೂಲ್ ಸ್ಟ್ರೀಟಿಗೆ ಈಗ ಮಿರ್ಜಾ ಗಾಲಿಬ್ ಸ್ಟ್ರೀಟ್ ಎಂಬ ಹೆಸರಿದೆ. ಹಳೆಯ ಗ್ರಾಮಫೋನ್ ಪ್ಲೇಟುಗಳಿಗಾಗಿ ಅಲ್ಲಿಗೆ ಹೋಗುವವರಲ್ಲಿ ಎರಡು ಬಗೆ. ಒಬ್ಬರು ಹೊಳೆಯುವ ಹಿತ್ತಾಳೆ ಕಹಳೆ ಎಲ್ಲಿ ಸಿಗುತ್ತದೆ ಎಂದು ವಿಚಾರಿಸುತ್ತಾರೆ. ಇನ್ನೊಬ್ಬರು ಪ್ಲೇಟನ್ನು ಬೆಳಕಿಗೆ ಓರೆಯಾಗಿ ಹಿಡಿದು, ಲೇಬಲ್ಲಿನ ಸುತ್ತ ಒತ್ತಿರುವ ಸಣ್ಣ ಅಂಕಿಗಳನ್ನು ಓದುತ್ತಾರೆ. ನಮ್ಮಲ್ಲಿ ಮೊದಲನೆಯವರು ಹೆಚ್ಚಾಗುತ್ತಿದ್ದಾರೆ, ಎರಡನೆಯವರು ಕಡಿಮೆಯಾಗುತ್ತಿದ್ದಾರೆ ಎಂಬುದೇ ನನ್ನ ಆತಂಕ. ಗುರುತು ಹಿಡಿಯಲು ಬಾರದವರ ಸಂಗ್ರಹದಿಂದ ಹಳೆಯ ವಸ್ತು ಉಳಿಯುವುದಿಲ್ಲ, ನಿಧಾನವಾಗಿ ಸಾಯುತ್ತದೆ.

ಮೊದಲು ಯಂತ್ರದ ಮಾತು. ಹೋಟೆಲಿನ ಲಾಬಿಯಲ್ಲಿ, ಮದುವೆ ಮಂಟಪದ ಬಾಗಿಲಲ್ಲಿ, ಪುರಾತನ ವಸ್ತುಗಳ ಅಂಗಡಿಯಲ್ಲಿ ನೀವು ನೋಡುವ ಹಿತ್ತಾಳೆ ಕಹಳೆಯ ಗ್ರಾಮಫೋನುಗಳಲ್ಲಿ ಹೆಚ್ಚಿನವು ಇತ್ತೀಚೆಗೆ ಜೋಡಿಸಿದವು. ಕಹಳೆ ಹೊಸದು, ಮರದ ಪೆಟ್ಟಿಗೆ ಹೊಸದು, ನಾಯಿಯ ಚಿತ್ರವೂ ಹೊಸದು. ಹಳೆಯದು ಅಂತ ಇದ್ದರೆ ಒಳಗಿನ ಕೀಲಿ ಕೊಡುವ ಮೋಟಾರು ಮತ್ತು ಸೂಜಿ ಹಿಡಿಯುವ ತೋಳು ಮಾತ್ರ. ಅವು ಬಂದದ್ದು ಎಲ್ಲಿಂದ? ಸೂಟ್‌ಕೇಸಿನಂತೆ ಮುಚ್ಚಿ ಒಯ್ಯಬಹುದಾಗಿದ್ದ ಪೋರ್ಟಬಲ್ ಗ್ರಾಮಫೋನುಗಳ ಹೊಟ್ಟೆಯಿಂದ. ಎಚ್.ಎಂ.ವಿ. 102ರಂಥ ಪೋರ್ಟಬಲ್ ಯಂತ್ರದಲ್ಲಿ ಕಹಳೆ ಪೆಟ್ಟಿಗೆಯೊಳಗೇ ಅಡಗಿರುತ್ತದೆ. ಹೊರಗೆ ಕಾಣದ್ದರಿಂದ ಅದಕ್ಕೆ ಬೆಲೆ ಕಡಿಮೆ. ಅದನ್ನು ಬಿಚ್ಚಿ, ಮೇಲೊಂದು ಕಹಳೆ ಸಿಕ್ಕಿಸಿದರೆ ಬೆಲೆ ಏರುತ್ತದೆ. ಹೀಗೆ ಒಂದು ನಕಲಿ ಹುಟ್ಟಲು ಒಂದು ಅಸಲಿ ಸಾಯುತ್ತದೆ.

ಗುರುತು ಹಿಡಿಯುವುದು ಕಷ್ಟವಲ್ಲ. ಅಸಲಿ ಕಹಳೆ ಯಂತ್ರದಲ್ಲಿ ತೋಳಿನ ಕೊಳವೆ ಸೂಜಿಯ ಕಡೆಯಿಂದ ಹಿಂದಕ್ಕೆ ಹೋದಂತೆ ಸ್ವಲ್ಪ ಸ್ವಲ್ಪವಾಗಿ ಅಗಲವಾಗುತ್ತದೆ. ದನಿಯ ದೃಷ್ಟಿಯಿಂದ ಆ ತೋಳೇ ಕಹಳೆಯ ಮೊದಲ ಭಾಗ. ನಕಲಿಯಲ್ಲಿ ಪೋರ್ಟಬಲ್ಲಿನ ಸಣ್ಣ ತೋಳು ಒಮ್ಮೆಗೇ ದಪ್ಪ ಹಿತ್ತಾಳೆ ಮೊಣಕೈಗೆ ಬಂದು ಸೇರುತ್ತದೆ. ಅಸಲಿ ಕಹಳೆಗಳೆಲ್ಲ ಹಿತ್ತಾಳೆಯವೂ ಅಲ್ಲ. ಬಣ್ಣ ಬಳಿದ ಉಕ್ಕಿನ ತಗಡಿನವು ಬಹಳ, ಮರದವೂ ಇದ್ದವು.

ಇದು ನಮ್ಮ ದೇಶದ ರೋಗ ಮಾತ್ರವಲ್ಲ. ಅಮೆರಿಕದಲ್ಲಿ ಹಿಮದ ಮೇಲೆ ಜಾರುವ ಮರದ ಬಂಡಿಗಳನ್ನು ಕೂಡಿಡುವವರಿದ್ದಾರೆ. ಫಿಲಡೆಲ್ಫಿಯಾದ ಸ್ಯಾಮ್ಯುಯೆಲ್ ಅಲೆನ್ 1889ರಲ್ಲಿ ಪೇಟೆಂಟ್ ಪಡೆದ, ದಿಕ್ಕು ತಿರುಗಿಸಬಲ್ಲ ಫ್ಲೆಕ್ಸಿಬಲ್ ಫ್ಲೈಯರ್ ಅವರ ಅಚ್ಚುಮೆಚ್ಚು. ಹಲಗೆಯ ಮೇಲಿನ ಹದ್ದಿನ ಚಿತ್ರವನ್ನು ಉಜ್ಜಿ ಹೊಸ ವಾರ್ನಿಷ್ ಬಳಿದರೆ ಬಂಡಿ ಥಳಥಳಿಸುತ್ತದೆ, ಆದರೆ ಅದರ ಜಾತಕ ಅಳಿಸಿಹೋಗುತ್ತದೆ. ಹೊಳಪಿಗೆ ಮರುಳಾದವರು ಎಲ್ಲ ಕಡೆಯೂ ಕಳೆದುಕೊಳ್ಳುವುದು ಇದನ್ನೇ.

ನಕಲಿ ಮಾಡುವ ಕುಶಲಕರ್ಮಿಯೂ ಹೊಟ್ಟೆಪಾಡಿಗೆ ದುಡಿಯುತ್ತಾನಲ್ಲ, ಅವನನ್ನೇಕೆ ದೂರಬೇಕು ಎನ್ನಬಹುದು. ನ್ಯಾಯವಾದ ಮಾತು. ಕಹಳೆ ಬಡಿಯುವವನ ಕೈಚಳಕದ ಬಗ್ಗೆ ನನ್ನ ತಕರಾರಿಲ್ಲ. ಅದನ್ನು ಹೊಸದೆಂದೇ ಮಾರಲಿ, ಹೊಸ ಮೋಟಾರನ್ನೇ ಕೂರಿಸಲಿ. ಅಜ್ಜನ ಕಾಲದ್ದೆಂಬ ಸುಳ್ಳಿಗಾಗಿ ಅಜ್ಜನ ಕಾಲದ್ದನ್ನೇ ಕೊಲ್ಲುವುದು ಬೇಡ.

ಇದಕ್ಕಿಂತ ದೊಡ್ಡ ನಷ್ಟ ಪ್ಲೇಟುಗಳದ್ದು. ಪೂರ್ವ ಭಾರತದ ಕಾಡುಗಳಲ್ಲಿ ಹುಳುಗಳು ಕೊಡುವ ಅರಗಿಗೆ ಕಲ್ಲಿನ ಪುಡಿ ಬೆರೆಸಿ ಈ ತಟ್ಟೆಗಳನ್ನು ಒತ್ತುತ್ತಿದ್ದರು. ಪಾಂಡವರನ್ನು ಸುಡಲು ಮನೆ ಕಟ್ಟಿದ ಅದೇ ಅರಗು, ಚನ್ನಪಟ್ಟಣದ ಗೊಂಬೆಗೆ ಬಣ್ಣ ಕೊಡುವ ಅದೇ ಅರಗು. ಕೈಜಾರಿದರೆ ಚೂರು. ಉಕ್ಕಿನ ಸೂಜಿಯನ್ನು ಪ್ರತಿ ಮಗ್ಗುಲಿಗೂ ಬದಲಿಸಬೇಕು. ಅಲಂಕಾರಕ್ಕೆಂದು ಯಂತ್ರ ಕೊಂಡವರು ಸವೆದ ಸೂಜಿಯಲ್ಲೇ ನುಡಿಸಿ, ಮೂರು ನಿಮಿಷದ ಹಾಡನ್ನು ಕೆರೆದು ಹಾಕುತ್ತಾರೆ.

ಈ ಕಥೆಯಲ್ಲಿ ಕೋಲ್ಕತ್ತಾ ದೂರದ ಊರಲ್ಲ. 1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಅಲ್ಲಿ ಗೌಹರ್ ಜಾನ್ ಅವರ ಹಾಡು ಮುದ್ರಿಸಿಕೊಂಡ. ಹಾಡಿನ ಕೊನೆಯಲ್ಲಿ ಆಕೆ ‘ಮೈ ನೇಮ್ ಈಸ್ ಗೌಹರ್ ಜಾನ್’ ಎಂದು ಸಾರುತ್ತಿದ್ದರು. ಠೀವಿ ಎಂದು ತೋರಿದರೂ ಅದಕ್ಕೊಂದು ಉಪಯೋಗವಿತ್ತು. ಪ್ಲೇಟು ಒತ್ತುತ್ತಿದ್ದುದು ಜರ್ಮನಿಯ ಹ್ಯಾನೋವರ್‌ನಲ್ಲಿ. ಹಾಡಿದವರು ಯಾರೆಂದು ಅಲ್ಲಿನ ಕೆಲಸಗಾರರಿಗೆ ತಿಳಿಯಬೇಕಿತ್ತು. ತನ್ನ ದನಿ ಅನಾಥವಾಗದಂತೆ ಆಕೆಯೇ ಚೀಟಿ ಅಂಟಿಸಿದರು. ಅದೇ ಗೌಹರ್ ಜಾನ್ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದು, 1930ರ ಜನವರಿ 17ರಂದು ಮೈಸೂರಿನಲ್ಲಿ ಕಣ್ಣುಮುಚ್ಚಿದರು.

1908ರಲ್ಲಿ ಗ್ರಾಮಫೋನ್ ಕಂಪನಿ ಕಲ್ಕತ್ತೆಯ ಸಿಯಾಲ್ದಾದಲ್ಲೇ ಕಾರ್ಖಾನೆ ತೆರೆಯಿತು. 1928ರಿಂದ ಆ ಕೆಲಸ ದಮ್ ದಮ್‌ಗೆ ಹೋಯಿತು. ನಮ್ಮ ಹಿರಿಯರು ಕೇಳಿದ ಕನ್ನಡ ನಾಟಕದ ಹಾಡು, ದೇವರನಾಮ, ಭಾವಗೀತೆಗಳ ಎಚ್.ಎಂ.ವಿ. ಪ್ಲೇಟುಗಳು ದಮ್ ದಮ್‌ನಲ್ಲಿ ಅಚ್ಚಾಗಿ ರೈಲಿನಲ್ಲಿ ಇತ್ತ ಬಂದವು. ಕನ್ನಡದ ದನಿಯ ಚರಿತ್ರೆಯ ಒಂದು ತುದಿ ಹೂಗ್ಲಿ ದಂಡೆಯ ಊರಿನಲ್ಲಿದೆ.

ಆ ಚರಿತ್ರೆಯನ್ನು ಓದುವುದು ಅಂಕಿಗಳಿಂದ. ಲೇಬಲ್ಲಿನ ಮೇಲಿನದು ಮಾರಾಟದ ಸಂಖ್ಯೆ. ಅರಗಿನಲ್ಲಿ ಒತ್ತಿದ್ದು ಮುದ್ರಣದ ಸಂಖ್ಯೆ, ಅಂದರೆ ಮ್ಯಾಟ್ರಿಕ್ಸ್. ಎಚ್.ಎಂ.ವಿ. ತಟ್ಟೆಯಲ್ಲಿ ಅದರ ಪಕ್ಕ ಸಣ್ಣ ತ್ರಿಕೋನವಿದ್ದರೆ ಅದು 1925ರ ನಂತರ ಮೈಕಿನ ಮುಂದೆ, ವಿದ್ಯುತ್ ವಿಧಾನದಲ್ಲಿ ಮುದ್ರಿಸಿದ್ದು. ಹಾಡುಗಾರ ಕಹಳೆಯೊಳಗೆ ಕೂಗಬೇಕಿದ್ದ ಕಾಲ ಆಗ ಮುಗಿದಿತ್ತು. ಲೇಬಲ್ಲಿನ ಕಾಗದ ಹರಿದರೂ, ಮರುಮುದ್ರಣದಲ್ಲಿ ಬಣ್ಣ ಬದಲಾದರೂ ಅರಗಿನ ಮೇಲಿನ ಅಂಕಿ ಉಳಿಯುತ್ತದೆ.

ಎಲ್ಲವೂ ಯೂಟ್ಯೂಬಿನಲ್ಲಿದೆಯಲ್ಲ ಎನ್ನುತ್ತೀರಾ? ದನಿ ಇದೆ, ಜಾತಕವಿಲ್ಲ. ‘ಹಳೆಯ ರಂಗಗೀತೆ’ ಎಂಬ ಹೆಸರಿನಲ್ಲಿ ಏರಿಸಿದ ಹಾಡನ್ನು ಯಾರು, ಯಾವಾಗ, ಯಾವ ಕಂಪನಿಗೆ ಹಾಡಿದರು ಎಂಬುದು ಆ ಪುಟದಲ್ಲಿ ಸಿಗುವುದಿಲ್ಲ. ಗೌಹರ್ ಜಾನ್ ಹೆಸರು ಹೇಳಿಕೊಂಡರು. ನಾಟಕ ಕಂಪನಿಯ ನಟಿಯರಿಗೆ ಆ ಅವಕಾಶ ಎಷ್ಟು ಮಂದಿಗಿತ್ತು? ಅವರ ಹೆಸರು ಉಳಿದಿರುವುದು ಆ ಲೇಬಲ್ಲಿನ ಮೇಲೆಯೇ.

ಬಂಗಾಳದವರು ಈ ವಿಷಯದಲ್ಲಿ ನಮಗಿಂತ ಮುಂದಿದ್ದಾರೆ. ಜಾದವಪುರ ವಿಶ್ವವಿದ್ಯಾಲಯದ ಸ್ಕೂಲ್ ಆಫ್ ಕಲ್ಚರಲ್ ಟೆಕ್ಸ್ಟ್ಸ್ ಅಂಡ್ ರೆಕಾರ್ಡ್ಸ್ ಖಾಸಗಿ ಸಂಗ್ರಾಹಕರ ಪ್ಲೇಟುಗಳನ್ನು ಡಿಜಿಟಲ್ ರೂಪಕ್ಕೆ ತಂದು ಹಿಂದುಸ್ತಾನಿ ಸಂಗೀತದ ಭಂಡಾರ ಕಟ್ಟಿದೆ. ಸಂಗ್ರಾಹಕನ ಕಪಾಟು ಅಲ್ಲಿ ಸಾರ್ವಜನಿಕ ಆಸ್ತಿಯಾಯಿತು. ನಮ್ಮ ವಿಶ್ವವಿದ್ಯಾಲಯಗಳೂ ಅಕಾಡೆಮಿಗಳೂ ಕನ್ನಡದ ಪ್ಲೇಟುಗಳಿಗೆ ಈ ಕೆಲಸ ಮಾಡಲು ದೊಡ್ಡ ಕಟ್ಟಡ ಬೇಕಿಲ್ಲ, ಸರಿಯಾದ ಪಟ್ಟಿಯಿಂದ ಶುರುಮಾಡಿದರೆ ಸಾಕು.

ಅದಕ್ಕೂ ಮೊದಲು ನಾವು ಮಾಡಬಹುದಾದದ್ದೊಂದಿದೆ. ಅಟ್ಟದ ಮೇಲೆ ಹಳೆಯ ಪ್ಲೇಟಿನ ಪೆಟ್ಟಿಗೆ ಇದ್ದರೆ ಗುಜರಿಯವನನ್ನು ಕರೆಯುವ ಮುನ್ನ ಕೆಳಗಿಳಿಸಿ. ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿ. ನುಡಿಸುವ ಆತುರ ಬೇಡ. ಎರಡೂ ಮಗ್ಗುಲಿನ ಲೇಬಲ್ಲಿನ ಫೋಟೊ ತೆಗೆಯಿರಿ, ಅರಗಿನ ಮೇಲಿನ ಅಂಕಿಗಳನ್ನು ಬರೆದಿಡಿ, ಅದು ಯಾರ ಮನೆಯದು, ಯಾವ ಊರಿನದು ಎಂಬುದನ್ನೂ ಸೇರಿಸಿ. ಆಮೇಲೆ ಮಾರುತ್ತೀರೋ, ಕೊಡುತ್ತೀರೋ, ಇಟ್ಟುಕೊಳ್ಳುತ್ತೀರೋ ನಿಮಗೆ ಬಿಟ್ಟದ್ದು. ಪ್ಲೇಟು ಒಂದು ದಿನ ಒಡೆದರೂ ಹಾಡಿದವರ ಹೆಸರು ಉಳಿದಿರುತ್ತದೆ.