ಕ್ಯಾಮೆರಾಕ್ ಬೈಬ್ಯಾಡಿ, ಗಾಜ್ ಒರ್ಸಿ

ಈಗ ನಮ್ಮ ಬದಿಯಲ್ಲಿ ಹೊಸ ಕಾರ್ ತಂದ್ರೆ ಮೊದ್ಲ್ ಆನೆಗುಡ್ಡೆಗ್ ಹೋಯಿ ಪೂಜಿ, ಕಡಿಗೆ ಕನ್ನಡಿ ಹತ್ರ ಒಂದ್ ಡ್ಯಾಶ್‌ಕ್ಯಾಮ್. ಎರ್ಡೂ ರಕ್ಷಣೆಗೇ. ಪೂಜಿ ಆದ್ರೂ ವರ್ಷ ವರ್ಷ ನವರಾತ್ರಿಗೆ ಮತ್ತೆ ಆತ್ತ್. ಕ್ಯಾಮೆರಾ ಮಾತ್ರ ಹಾಕ್ಸಿದ ದಿನ ಕಂಡದ್ದೇ, ಮತ್ತೆ ಅದ್ರ ಬದಿ ಯಾರೂ ತಿರ್ಗಿ ಕಾಂಬುದಿಲ್ಲೆ. ಎಂತಾರೂ ಆದಾಗ ತೆಗ್ದ್ ಕಂಡ್ರೆ ವಿಡಿಯೋ ಎಲ್ಲ ಹೊಗಿ ಹೊಗಿ. ಆಗ ಗಂಡ್ಸ್ರ್ ಹೇಳುದೆಂತ? "ಇದ್ ಕಮ್ಮಿ ರೇಟಿಂದ್, 4ಕೆ ಇಪ್ಪುದ್ ತಕಣ್ಕ್." ನನ್ನ ಕೇಂಡ್ರೆ, ಹೆಚ್ಚಿನ ಮನಿಗಳಿಗೆ ಹೊಸ್ದ್ ಬೇಕಿಲ್ಲೆ. ಇಪ್ಪುದನ್ನ ಮನಿ ಸಾಮಾನ್ ಕಂಡ್ಕಂಬ ಹಾಂಗೆ ಕಂಡ್ಕಂಡ್ರೆ ಸಾಕ್. ಚಿಮಣಿ ದೀಪದ ಗಾಜ್ ದಿನಾ ಸಂಜಿ ಒರ್ಸಿದವ್ರ್ ನಾವ್, ಈ ಕೆಲ್ಸ ನಮ್ಗೆ ಹೊಸ್ದಾ?

ಇದೆಂತ ಅಷ್ಟ್ ದೊಡ್ ವಿಷಯ ಅಂದ್ ಕೇಣ್ಬ್ಯಾಡಿ. ಹೋದ ವರ್ಷ ನಮ್ ಸಂಬಂಧದ ಒಬ್ರ್ ಅಕ್ಕ ತ್ರಾಸಿ ಹತ್ರ ಸ್ಕೂಟಿಯಲ್ಲಿ ಹೋಪತಿಗೆ ಹಿಂದಿಂದ ಒಂದ್ ಗಾಡಿ ತಾಗ್ಸಿ, ನಿಲ್ಲದೆ ಹೋಯ್ತ್. ಅಕ್ಕನ ಕಾಲ್ ಮುರೀತ್. ಹಿಂದೆ ಬಪ್ಪ ಕಾರಲ್ಲಿ ಕ್ಯಾಮೆರಾ ಇದ್ದಿತ್. ಆ ಕಾರಿನವ್ರ್, ಒಳ್ಳೆಯವ್ರ್, ಅವ್ರಾಗೇ ಬಂದ್ ವಿಡಿಯೋ ಕೊಟ್ರ್. ಬಿಳಿ ಗಾಡಿ ಅಂದ್ ಗೊತ್ತಾತ್ತ್, ನಂಬರ್ ಓದುಕಾತಿಲ್ಲೆ. ಗಾಡಿ ಯಾವ್ದಂದ್ ಗೊತ್ತಾರೆ ಅದ್ರ ಇನ್ಶೂರೆನ್ಸಿಂದ ಆಸ್ಪತ್ರೆ ಖರ್ಚ್, ಕೆಲ್ಸಕ್ಕೆ ಹೋಪುಕಾಗದೆ ಕಳ್ಕಂಡ ಸಂಬಳ ಎಲ್ಲ ಕೇಂಬುಕಾತ್ತ್. ಗೊತ್ತಾಗದಿದ್ರೆ, 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕೇಂದ್ರ ಸರ್ಕಾರದ ಯೋಜನೆಯಲ್ಲಿ ಗಂಭೀರ ಪೆಟ್ಟಿಗೆ 50,000 ರೂಪಾಯಿ, ಜೀವ ಹೋದ್ರೆ 2 ಲಕ್ಷ. ಕಾಲಿಗೆ ರಾಡ್ ಹಾಕ್ಸಿದ ಬಿಲ್ ಕಂಡವ್ರಿಗೆ 50,000 ಅಂದ್ರೆ ಎಷ್ಟ್ ಅಂದ್ ನಾನ್ ಹೇಳ್ಕಂದಿಲ್ಲೆ.

ಹಾಂಗಾಗಿ ಮೊದ್ಲ್ ಗಾಜ್. ನಮ್ಮ ರಾಷ್ಟ್ರೀಯ ಹೆದ್ದಾರಿ 66 ಮರವಂತೆಯಲ್ಲಿ ಸಮುದ್ರಕ್ಕೆ ತಾಗ್ಕಂಡೇ ಹೋತ್ತ್. ಉಪ್ಪಿನ ಗಾಳಿ ಗಾಜಿಗೆ ಹಿಡಿದ್ ಒಣಗಿ ಬೆಳ್ಳಗಿನ ಪೊರಿ ಕಟ್ತ್. ಮುಂದೆ ಒಂದ್ ಮೀನ್ ಲಾರಿ ಸಿಕ್ರಂತೂ ಮುಗೀತ್. ಅದ್ ಹೆರಗಿನ ಕತಿ. ಒಳಗಿಂದ್ ಇನ್ನೂ ಕಷ್ಟ, ಯಾಕಂದ್ರೆ ಅದ್ ಕಣ್ಣಿಗೆ ಬೇಗ ಕಾಂತಿಲ್ಲೆ. ಬಿಸಿಲಿಗೆ ಕಾರ್ ನಿಲ್ಸಿದ್ರೆ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಕಾಯ್ದ್ ಅದ್ರಿಂದ ಒಂದ್ ಎಣ್ಣಿಯ ಪಸೆ ಎದ್ದ್ ಗಾಜಿಗೆ ಕೂಕಂತ್. ಅದ್ರ ಮೇಲ್ ದಿನಾ ಬೆಳಗಾತ ಹಚ್ಚು ಊದ್‌ಬತ್ತಿ ಹೊಗಿ. ಕ್ಯಾಮೆರಾದ ಮುಂದಿನ ಗಾಜನ್ನ ಒಳಗೂ ಹೆರಗೂ ವಾರಕ್ಕೊಂದ್ ಸಲ, ಕನ್ನಡ್ಕ ಒರ್ಸು ಮೆತ್ತನೆ ಬಟ್ಟಿಯಲ್ಲಿ ಒರ್ಸ್ಕ್. ಗಾಜ್ ತೊಳು ನೀರನ್ನ ಬಟ್ಟಿಗೆ ಹಾಕಿ, ಕ್ಯಾಮೆರಾದ ಮೇಲ್ ಹೊಡಿಬ್ಯಾಡಿ. ಬೈರಾಸಲ್ಲಿ ತಿಕ್ಬ್ಯಾಡಿ, ಲೆನ್ಸಿಗೆ ಗೀರ್ ಬಿದ್ರೆ ಮತ್ತೆ ಹೋತಿಲ್ಲೆ. ಲೆನ್ಸಿನ ಮೇಲ್ ಅಂಗಡಿಯಿಂದ ಬಂದ ತೆಳು ಪ್ಲಾಸ್ಟಿಕ್ ಹಾಂಗೇ ಇತ್ತಾ, ಅದನ್ನೂ ಕಾಣಿ. ಹೊಸ ಫ್ರಿಜ್ಜಿನ ಪ್ಲಾಸ್ಟಿಕ್ ತೆಗೂಕೇ ಮನಸ್ಸಿಲ್ಲದ ಜನ ನಾವ್!

ಕನ್ನಡಿಗೆ ತೂಗ್ ಹಾಕಿದ ಮಲ್ಲಿಗಿ ದಂಡಿ, ಮಣಿಸರ ಕ್ಯಾಮೆರಾದ ಎದ್ರ್ ತೂಗಾಡ್ರೆ ಅರ್ಧ ರಸ್ತೆ ಮುಚ್ಚಿ ಹೋತ್ತ್. ಡ್ಯಾಶ್‌ಬೋರ್ಡಿನ ಮೇಲಿನ ಬಿಳಿ ಟವೆಲ್, ಪ್ರಸಾದದ ಕವರ್ ಗಾಜಿಗೆ ಪ್ರತಿಬಿಂಬ ಹೊಡೆದ್ ವಿಡಿಯೋದಲ್ಲಿ ಭೂತದ ಹಾಂಗೆ ಕಾಣ್ತ್. ದೇವ್ರನ್ನ ತೆಗೀರಿ ಅಂದ್ ನಾನ್ ಹೇಳುದಿಲ್ಲೆ, ಒಂಚೂರ್ ಬದಿಗ್ ಸರ್ಸಿ.

ಮುಖ ಎತ್ತ ಬದಿ ಇತ್ ಅಂದೂ ಕಾಣ್ಕ್. ಸಂಜಿ ಶಂಕರನಾರಾಯಣ, ಸಿದ್ಧಾಪುರ ಬದಿಯಿಂದ ಕುಂದಾಪ್ರಕ್ಕೆ ಇಳ್ದ್ ಬಪ್ಪತಿಗೆ ಸೂರ್ಯ ಸೀದಾ ಮುಖಕ್ಕೆ. ಕ್ಯಾಮೆರಾ ಆಕಾಶವನ್ನೇ ಕಾಂತಾ ಇದ್ರೆ ಆಕಾಶದ ಬೆಳಕಿಗೆ ಲೆಕ್ಕ ಹಾಕಿ ರಸ್ತೆಯನ್ನ ಕಪ್ಪ್ ಮಾಡ್ತ್. ಚೂರ್ ಕೆಳ್ಗ್ ಬಗ್ಸಿ, ಆಕಾಶ ಮೂರ್ರಲ್ಲೊಂದ್ ಪಾಲ್ ಇದ್ರೆ ಸಾಕ್. ಮಳ್ಗಾಲಕ್ಕೆ ವೈಪರ್ ಓಡು ಜಾಗದ ಹಿಂದೆಯೇ ಅದ್ ಇರ್ಕ್. ಗಾಜಿನ ಒಳ್ಗ್ ಮಬ್ಬ್ ಕಟ್ರೆ ಏಸಿ ಗಾಳಿಯನ್ನ ಗಾಜಿಗೆ ತಿರ್ಗ್ಸಿ.

ಮತ್ತೆ ಕಾರ್ಡ್. ಹಳೇ ಮೊಬೈಲಿಂದ ತೆಗ್ದ ಕಾರ್ಡನ್ನೇ ಇದಕ್ಕೆ ಹಾಕಿ ಕೂಕಂಬುದ್ ನಮ್ಮಲ್ಲಿ ಸುಮಾರ್ ಜನ. ಡ್ಯಾಶ್‌ಕ್ಯಾಮ್ ಹಳೇದನ್ನ ಅಳ್ಸಿ ಅದ್ರ ಮೇಲೇ ಹೊಸ್ದ್ ಬರೀತಾ ಇರ್ತ್, ಸಾದಾ ಕಾರ್ಡ್ ಆ ಕೆಲ್ಸಕ್ಕೆ ಸವ್ದ್ ಹೋತ್ತ್, ವಿಡಿಯೋ ತಡ್ದ್ ತಡ್ದ್ ಓಡ್ತ್, ಕೆಲವು ತುಂಡ್ ಸಿಕ್ಕುದೇ ಇಲ್ಲೆ. ಪೊಟ್ಟಣದ ಮೇಲ್ 'ಹೈ ಎಂಡ್ಯೂರೆನ್ಸ್' ಅಂದ್ ಬರ್ದದ್ ತಕಣಿ. ತಿಂಗ್ಳಿಗೊಂದ್ ಸಲ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ, ಬೇಕಾದ್ದನ್ನ ಮೊದ್ಲ್ ತೆಗ್ದಿಟ್ಕಂಡ್ ಮಾಡಿ ಮತ್ತೆ. ಅದೇ ಹೊತ್ತಿಗೆ 1080ರಲ್ಲಿ ಇತ್ತಾ, 720ಕ್ಕೆ ಇಳ್ದಿತ್ತಾ, ತಾರೀಕ್ ಸಮ ಇತ್ತಾ ಕಾಣಿ. 2018ರ ತಾರೀಕ್ ತೋರ್ಸು ವಿಡಿಯೋ ತಕಂಡ್ ಠಾಣೆಗ್ ಹೋದ್ರೆ ಯಾರ್ ನಂಬ್ತ್ರ್?

ಇನ್ನೊಂದ್, ನಮ್ ಹೆಂಗ್ಸ್ರ ಗುಂಪಿಗೇ ಹೇಳ್ಕಾದ್ದ್. ವಾಟ್ಸಾಪಲ್ಲಿ ಬಂದ ವಿಡಿಯೋ ಕಂಡ್ ಕ್ಯಾಮೆರಾಕ್ ಬೈಬ್ಯಾಡಿ. ವಾಟ್ಸಾಪ್ ಅದನ್ನ ಹಿಂಡಿ ಸಣ್ಣ ಮಾಡಿ ಕಳ್ಸ್ತ್. ಕ್ಯಾಮೆರಾದ ಆ್ಯಪಲ್ಲಿ ಕಾಂಬುದೂ ಹಾಂಗೇ, ತೆಳು ಮಜ್ಜಿಗಿ. ಕಾರ್ಡಲ್ಲಿಪ್ಪುದೇ ಗಟ್ಟಿ ಮೊಸ್ರ್. ಕಳ್ಸ್ಕಾದ್ರೆ 'ಡಾಕ್ಯುಮೆಂಟ್' ಅಂದ್ ಇಪ್ಪಲ್ಲಿಂದ ಕಳ್ಸಿ.

ರಾತ್ರಿ ವಿಷಯದಲ್ಲಿ ಮಾತ್ರ ಕ್ಯಾಮೆರಾವನ್ನ ಪೂರ್ತಿ ನಂಬುಕಾತಿಲ್ಲೆ. ಎದ್ರ್ ಬಪ್ಪ ಗಾಡಿಯ ಎಲ್‌ಇಡಿ ಬೆಳಕ್ ಎಲ್ಲ ನುಂಗ್ತ್. ಈಗಿನ ನಂಬರ್ ಪ್ಲೇಟ್ ಬೆಳಕ್ ಬಿದ್ರೆ ಮಿಂಚು ನಮೂನಿಯದ್, ನಮ್ದೇ ಹೆಡ್‌ಲೈಟ್ ಬಿದ್ದ್ ಬರೀ ಬಿಳಿ ಹಾಳಿಯ ಹಾಂಗೆ ಕಾಣ್ತ್. ದುಬಾರಿ ಕ್ಯಾಮೆರಾದಲ್ಲೂ ಈ ಕಷ್ಟ ಇದ್ದದ್ದೇ. ಅದಕ್ಕೆ ಒಂದ್ ಉಪಾಯ: ಮೈಕ್ ಆನ್ ಇಡಿ, ನಂಬರ್ ಕಣ್ಣಿಗ್ ಕಂಡ ಕೂಡ್ಲೇ ಗಟ್ಟಿಯಾಗಿ ಓದಿ. ಡ್ರೈವರಿಗೆ ಪುರ್ಸೊತ್ತಿಲ್ಲೆ, ಬದಿಯಲ್ಲಿ ಕೂತವ್ರ್ ನಾವೇ ಅಲ್ದಾ? ಚಿತ್ರದಲ್ಲಿ ಬರದ್ದ್ ಸ್ವರದಲ್ಲಿ ಬತ್ತ್. ಮನಿಯ ಗಂಡ್ಸ್ರ್ ಮೈಕ್ ಆಫ್ ಮಾಡಿಡುದ್ ಯಾಕಂದ್ ನಿಮ್ಗೂ ಗೊತ್ತಿತ್, ನಂಗೂ ಗೊತ್ತಿತ್!

ಅಪಘಾತ ಕಂಡ್ರೆ, ನಿಮ್ದಾದ್ರೂ ಬೇರೆಯವ್ರದ್ದಾದ್ರೂ, ಲಾಕ್ ಗುಂಡಿ ಒತ್ತಿ. 32 ಜಿಬಿ ಕಾರ್ಡಲ್ಲಿ ನಿಲ್ಲುದ್ ಸಾಧಾರಣ ನಾಲ್ಕೈದ್ ಗಂಟಿಯ ವಿಡಿಯೋ, ಬೈಂದೂರಿಂದ ಬ್ರಹ್ಮಾವರಕ್ಕೆ ಎರ್ಡ್ ಸಲ ಹೋಯಿ ಬಪ್ಪುದ್ರೊಳ್ಗ್ ಅಳ್ಸಿ ಹೋದ್ರೂ ಹೋಯ್ತ್. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಇಂಥ ವಿಡಿಯೋ ಕೋರ್ಟಿಗೆ ಕೊಡುಕೆ ಪ್ರಮಾಣಪತ್ರವೂ ಬೇಕ್. ಆ ಕೆಲ್ಸ ವಕೀಲ್ರ್ ಕಾಂತ್ರ್. ನೀವ್ ವಿಡಿಯೋವನ್ನ ಕತ್ತರ್ಸುಕೆ, ಹಾಡ್ ಹಾಕುಕೆ ಹೋಗ್ಬ್ಯಾಡಿ. ಕಾರ್ಡ್ ತೆಗ್ದ್ ಕಾಗ್ದದಲ್ಲಿ ಸುತ್ತಿ, ತಾರೀಕ್ ಬರ್ದ್ ಕಪಾಟಲ್ಲಿಡಿ. ಕಾರಿಗೆ ಬೇರೆ ಕಾರ್ಡ್ ಹಾಕಿ.